ಬುಗ್ಗಮ್ಮ ಲಾಳಿ ಕುದಿಸಿದ್ದು

ಸೋಮವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಬುಗ್ಗಮ್ಮ ಲಾಳಿಯ ಕಣ್ಣಿಗೆ ತುಟಿ ಹಚ್ಚಿ ನೂಲು ಹೀರುತ್ತಿದ್ದಳು. ಹೊಸ ಕಂಡಿಕೆ ಹಾಕಿದಾಗೆಲ್ಲ ಹೀಗೇ ಮಾಡಬೇಕು. ನೂಲು ಸುತ್ತಿದ ಆ ಪುಟ್ಟ ಕೊಳವೆಯನ್ನು ಲಾಳಿಯ ಹೊಟ್ಟೆಯಲ್ಲಿ ಕೂಡಿಸಿ, ಎಳೆಯ ತುದಿಯನ್ನು ಪಕ್ಕದ ತೂತಿನ ಹತ್ತಿರ ತಂದು, ಹೊರಗಿನಿಂದ ಒಮ್ಮೆ ಜೋರಾಗಿ ಉಸಿರೆಳೆದರೆ ನೂಲು ನಾಲಿಗೆಯ ಮೇಲೆ ಬಂದು ಕೂಡುತ್ತದೆ. ಸೂಜಿಯಿಂದಲೂ ಎಳೆದುಕೊಳ್ಳಬಹುದು. ಆದರೆ ಗದ್ವಾಲದ ಆ ಓಣಿಯಲ್ಲಿ ಲಾಳಿಗೆ ಸೂಜಿ ಹುಡುಕುವವರನ್ನು ಇನ್ನೂ ಕಲಿಯುತ್ತಿರುವವರ ಲೆಕ್ಕಕ್ಕೆ ಸೇರಿಸುತ್ತಾರೆ.

ಬುಗ್ಗಮ್ಮ ಆ ಲೆಕ್ಕದಿಂದ ಹೊರಬಿದ್ದು ಮೂವತ್ತು ವರ್ಷ ದಾಟಿತ್ತು. ವಡ್ಡೆಪಲ್ಲಿಯಿಂದ ಸೊಸೆಯಾಗಿ ಬಂದಾಗ ಅವಳಿಗೆ ಬರುತ್ತಿದ್ದದ್ದು ರೇಷ್ಮೆ ಬಿಚ್ಚುವುದು ಮತ್ತು ಗಟ್ಟಿಯಾಗಿ ನಗುವುದು, ಎರಡೇ. ಮಗ್ಗ ಕಲಿಸಿದವಳು ಅತ್ತೆ. ನಗು ಕಡಿಮೆ ಮಾಡಿಸಲೂ ಅತ್ತೆ ಪ್ರಯತ್ನಪಟ್ಟಿದ್ದಳಂತೆ, ಅದು ಆಗಲಿಲ್ಲ. ಅತ್ತೆ ತೀರಿಕೊಂಡ ಮೇಲೆ, ಕಾಲು ಇಳಿಬಿಡಲು ಗುಂಡಿ ತೋಡಿದ ಆ ಕುಣಿಮಗ್ಗದ ಇನ್ನೊಂದು ಜಾಗಕ್ಕೆ ಬಂದವಳು ಉಮಾಶ್ರೀ, ಮೈದುನ ನರಸಿಂಹುಲುವಿನ ಹೆಂಡತಿ, ನಾರಾಯಣಪೇಟೆಯ ಹುಡುಗಿ. ಗದ್ವಾಲ ಸೀರೆಗೆ ಇಬ್ಬರು ಬೇಕು. ಒಡಲು ಹತ್ತಿಯದು, ಅಂಚು ರೇಷ್ಮೆಯದು. ಒಡಲಿಗೆ ಒಂದು ಲಾಳಿ, ಎರಡು ಅಂಚಿಗೆ ಎರಡು. ಪ್ರತಿ ಸಲವೂ ಒಡಲಿನ ಎಳೆ ಅಂಚಿನ ಎಳೆಯ ಕೊರಳಿಗೆ ಕೊಂಡಿ ಹಾಕಿ ಹಿಂತಿರುಗಬೇಕು. ಒಬ್ಬಳ ಕೈ ಇನ್ನೊಬ್ಬಳ ಕೈಯನ್ನು ನೋಡದೆಯೇ ತಿಳಿಯಬೇಕು. ಅಕ್ಕಪಕ್ಕ ಕುಳಿತು ಹನ್ನೊಂದು ವರ್ಷ ನೇಯ್ದ ಆ ಇಬ್ಬರಿಗೂ ಅದು ತಿಳಿಯುತ್ತಿತ್ತು. ಯಾವ ಲಾಳಿ ಯಾರ ಕೈಗೆ ಸಿಕ್ಕಿತೋ ಅವರೇ ಅದಕ್ಕೆ ತುಟಿ ಹಚ್ಚುತ್ತಿದ್ದರು.

ಆ ಸೋಮವಾರ ಉಮಾಶ್ರೀ ಕುಣಿಗೆ ಇಳಿಯಲಿಲ್ಲ. ಕಂಬಕ್ಕೆ ಆತುಕೊಂಡು ನಿಂತೇ ಇದ್ದಳು.

“ಅಕ್ಕಾ, ಆ ಲಾಳಿ ಬಾಯಿಗೆ ಹಚ್ಚಬ್ಯಾಡ.”

“ಯಾಕ, ಇರುವಿ ಹತ್ಯಾವೇನ?”

“ನನ್ನ ರಗತದಾಗ ಹೆಪಟೈಟಿಸ್ ಬಿ ಐತಂತ. ಮೊನ್ನಿ ನಮ್ಮಣ್ಣನ ಆಪರೇಷನ್ನಿಗೆ ರಗತ ಕೊಡಾಕ ಹೋಗಿದ್ದೆನಲ್ಲ, ಅಲ್ಲಿ ಹೇಳಿದ್ರು. ಕಾಮಣಿ ತರೋದಂತ ಅದು.”

ಬುಗ್ಗಮ್ಮ ಲಾಳಿಯನ್ನು ತುಟಿಯಿಂದ ತೆಗೆದು ನೋಡಿದಳು. ಆಮೇಲೆ ಉಮಾಶ್ರೀಯ ಕಣ್ಣು ನೋಡಿದಳು. “ಹಳದಿ ಏನೂ ಇಲ್ಲಲ್ಲ?”

“ಆಗಲೇಬೇಕಂತಿಲ್ಲಂತ. ಸುಮ್ಮನ ಒಳಗ ಇರತೈತಂತ. ನನಗ ಹುಟ್ಟಿದಾಗಿಂದಾನೂ ಇದ್ದೀತು ಅಂದ್ರು.”

ಬುಗ್ಗಮ್ಮ ಎದ್ದು ಹೋಗಿ ಬಾಯಿ ಮುಕ್ಕಳಿಸಿದಳು. ಒಂದು ಸಲ ಮುಕ್ಕಳಿಸಿದ್ದರೆ ಉಮಾಶ್ರೀಗೆ ಅಷ್ಟು ಅನ್ನಿಸುತ್ತಿರಲಿಲ್ಲ. ಕೊಡ ಖಾಲಿಯಾಗುವವರೆಗೆ ಮುಕ್ಕಳಿಸಿದಳು.

ಮರುದಿನ ಉಮಾಶ್ರೀ ಮಹಬೂಬನಗರದ ಡಾಕ್ಟರಿಗೆ ತೋರಿಸಲು ಗಂಡನ ಜೊತೆ ಹೋದಾಗ ಬುಗ್ಗಮ್ಮ ಹಿತ್ತಲಲ್ಲಿ ಬಣ್ಣದ ಹಂಡೆಗೆ ಉರಿ ಹಚ್ಚಿದಳು. ನೂಲಿಗೆ ಅಂಟಿದ ಕೊಳೆ ಕುದಿಸಿದರೆ ಬಿಡುತ್ತದೆ, ಹಾಗಾದರೆ ಇದೂ ಬಿಡಬೇಕು ಎನ್ನುವುದು ಅವಳ ಎಣಿಕೆ. ಮೂರೂ ಲಾಳಿಗಳನ್ನು ನೀರಿಗೆ ಹಾಕಿದಳು. ಹಂಡೆಯ ತಳದಲ್ಲಿ ಹಿಂದಿನ ವಾರದ ಗುಲಾಬಿ ಬಣ್ಣ ಉಳಿದಿದ್ದು ನೆನಪಾಗಲಿಲ್ಲ.

ಗಂಡ ಜಂಬಪ್ಪ ಬಂದು ಇಣುಕಿದ. “ಸಾರೇನು ಇದು? ಒಗ್ಗರಣಿ ಯಾವಾಗ ಹಾಕ್ತಿ?”

“ಸುಮ್ಮನ ಹೋಗ್ರಿ ಅತ್ತಾಗ. ಜೀವದ ಪ್ರಶ್ನೆ ಇದು.”

ಸಂಜೆ ಹೊರತೆಗೆದಾಗ ಲಾಳಿಗಳು ಗುಲಾಬಿಯಾಗಿದ್ದವು. ಮರ ಉಬ್ಬಿ ಒಂದು ಬಾಳೆಕಾಯಿಯಂತೆ ಬಾಗಿತ್ತು, ಎರಡನೆಯದು ಸೀಳಿತ್ತು, ಮೂರನೆಯದರ ಕಣ್ಣಿನ ಪಿಂಗಾಣಿ ಬಳೆ ಕಳಚಿ ಹಂಡೆಯಲ್ಲೇ ಉಳಿದಿತ್ತು. ಬುಗ್ಗಮ್ಮ ಅವನ್ನು ಕಟ್ಟೆಯ ಮೇಲೆ ಸಾಲಾಗಿ ಒಣಹಾಕಿದ್ದಳು. ಬಸ್ಸಿಳಿದು ಬಂದ ಉಮಾಶ್ರೀಯ ಕಣ್ಣಿಗೆ ಮೊದಲು ಬಿದ್ದದ್ದೇ ಅವು. ಬಾಗಿದ್ದನ್ನು ಅವಳು ಕೈಗೆತ್ತಿಕೊಂಡಳು.

“ಲಾಳಿ ಕುದಿಸಿದ್ದು ಸರಿ. ನನ್ನನ್ನ ಯಾವ ಹಂಡೇದಾಗ ಹಾಕ್ತಿ ಅಕ್ಕಾ?”

ಉತ್ತರಕ್ಕೆ ಅವಳು ಕಾಯಲಿಲ್ಲ. ಮರುದಿನದ ಮೊದಲ ಬಸ್ಸಿಗೆ ಮಗಳನ್ನು ಕರೆದುಕೊಂಡು ನಾರಾಯಣಪೇಟೆಯ ತವರಿಗೆ ಹೋದಳು. ಅಲ್ಲಿ ಆಪರೇಷನ್ ಆಗಿ ಮಲಗಿದ್ದ ಅಣ್ಣನ ಮಗ್ಗ ಖಾಲಿ ಇತ್ತು. ನಾರಾಯಣಪೇಟೆ ಸೀರೆಗೆ ಒಬ್ಬರೇ ಸಾಕು.

ಹೊಸ ಲಾಳಿಗಳು ಬಂದವು. ಉಮಾಶ್ರೀಯ ಜಾಗಕ್ಕೆ ಜಂಬಪ್ಪ ಬಂದ. ಅವನು ಹಾಸು ಹೂಡುವುದರಲ್ಲಿ ಗಟ್ಟಿಗ, ನೂಲಿನ ಗುಣ ಬೆರಳಲ್ಲೇ ಹೇಳಬಲ್ಲ. ಆದರೆ ಕೊಂಡಿ ಹಾಕುವಾಗ ಅವನ ಕೈ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಅಂಚಿಗೂ ಒಡಲಿಗೂ ನಡುವೆ ಬೆರಳು ತೂರುವಷ್ಟು ಕಂಡಿಗಳು ಬಿದ್ದವು.

“ಗಾಳಿ ಬರ್ಲಿ ಅಂತ ಕಿಟಕಿ ಇಡ್ತೀರೇನು?” ಎಂದಳು ಬುಗ್ಗಮ್ಮ.

“ಬ್ಯಾಸಿಗಿಗಿ ಚಲೋ ಅಲ್ಲೇನ?” ಎಂದ ಜಂಬಪ್ಪ.

ನೇಯ್ದದ್ದನ್ನೆಲ್ಲ ಬಿಚ್ಚಬೇಕಾಯಿತು. ಅರ್ಧ ಸೀರೆ ಮಗ್ಗದ ಮೇಲೆ ಹಾಗೇ ನಿಂತಿತು. ಬುಗ್ಗಮ್ಮ ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ಕಣ್ಣು ನೋಡಿಕೊಂಡಳು. ಕೊನೆಗೆ ನವನೀತಾಳಿಗೆ ಫೋನು ಮಾಡಿದಳು. ನವನೀತಾ ಬುಗ್ಗಮ್ಮನ ಅಣ್ಣನ ಮಗಳು, ನಾರಾಯಣಪೇಟೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವವಳು. ಅವಳು ಬಂದು, ಸೋದರತ್ತೆಯನ್ನು ಕರೆದೊಯ್ದು ಪರೀಕ್ಷೆಗೆ ರಕ್ತ ಕೊಡಿಸಿದಳು. ನರಸಿಂಹುಲುವನ್ನೂ ಬಿಡಲಿಲ್ಲ. ಉಮಾಶ್ರೀಯ ಮಗಳಿಗೆ ಹುಟ್ಟಿದ ದಿನವೇ ಲಸಿಕೆ ಬಿದ್ದಿತ್ತು. ಆದರೂ ನಾರಾಯಣಪೇಟೆಯಲ್ಲಿ ಅವಳಿಗೂ ಪರೀಕ್ಷೆ ಮಾಡಿಸಿ ಬಂದಿದ್ದಳು.

ಭಾನುವಾರ ಫಲಿತಾಂಶ ಹೇಳಲು ಬಂದಾಗ ಮಗ್ಗದ ಪಕ್ಕದಲ್ಲೇ ಚಹಾ ಬಂತು.

“ಯಾರಿಗೂ ಇಲ್ಲ. ಅತ್ತಿ, ನಿನಗೂ ಬಂದಿಲ್ಲ. ಈಗ ಇಲ್ಲ, ಮೊದಲು ಬಂದು ಹೋಗಿದ್ದೂ ಇಲ್ಲ.”

“ಯಾಕ ಬಂದಿಲ್ಲ?”

“ಬಂದಿದ್ರ ಚಲೋ ಇತ್ತೇನು?”

“ಹಂಗಲ್ಲವಾ. ಹನ್ನೊಂದು ವರ್ಷ ಅದೇ ಲಾಳಿ ಚೀಪೀನಿ. ಯಾಕ ಬಂದಿಲ್ಲ ಅಂತ ತಿಳೀಲಿಲ್ಲಂದ್ರ, ನಾಳಿಗಿ ಬರಂಗಿಲ್ಲ ಅಂತ ಹೆಂಗ ನಂಬಲಿ?”

ನವನೀತಾ ಚಹಾದ ಲೋಟ ಕೆಳಗಿಟ್ಟಳು. “ಈ ನೂಲು ಒಯ್ದು ಓಣ್ಯಾಗ ಒಗದ್ರ ಸೀರಿ ಆಗತೈತೇನು?”

“ಹುಚ್ಚೇನ ನಿನಗ?”

“ಹಂಗ, ಈ ವೈರಸ್ಸಿಗೂ ಮಗ್ಗ ಬೇಕು. ಬಾಯಾಗ ಇಲ್ಲ, ಲಾಳ್ಯಾಗ ಇಲ್ಲ. ಅದರ ಮಗ್ಗ ಲಿವರಿನ ಕಣದಾಗ ಐತಿ.”

“ಕಲೀಜ್ಯಾಗ ಅನ್ನು.”

“ಕಲೀಜ್ಯಾಗ. ಪಿತ್ತದ ಉಪ್ಪು ಒಳಗ ಬಿಟ್ಟುಕೊಳ್ಳಾಕ ಆ ಕಣಕ್ಕ ಒಂದು ಬಾಗಲ ಐತಿ. ವೈರಸ್ಸು ಆ ಬಾಗಲದಾಗೇ ಒಳಗ ನುಗ್ಗತೈತಿ. ನಿನ್ನ ನಾಲಿಗಿಗಿ ಆ ಬಾಗಲಾನೇ ಇಲ್ಲ.”

ಒಳಗೆ ಹೋದ ಮೇಲೆ ಏನಾಗುತ್ತದೆ ಎಂದು ಬುಗ್ಗಮ್ಮ ಕೇಳಿದಳು. ನವನೀತಾ ತರಗತಿಯಲ್ಲಿ ಹೇಳುವ ಕ್ರಮದಲ್ಲೇ, ಒಂದನ್ನೂ ಬಿಡದೆ ಹೇಳಿದಳು. ವೈರಸ್ಸು ತನ್ನ ಬರಹವನ್ನು ಕಣದ ನಡುಮನೆಗೆ ಸೇರಿಸಿ ಒಂದು ಉಂಗುರ ಮಾಡಿ ಇಡುತ್ತದೆ. ಆ ಉಂಗುರವನ್ನು ನೋಡಿ ಕಣ ಪ್ರತಿಗಳನ್ನು ಮಾಡುತ್ತದೆ, ಪ್ರತಿಗಳನ್ನು ಓದಿ ಪ್ರೋಟೀನಿನ ತುಂಡುಗಳನ್ನು ಮಾಡುತ್ತದೆ. ಕಣಕ್ಕೆ ಅದು ತನ್ನ ಕೆಲಸವಲ್ಲ ಎಂದು ಗೊತ್ತಾಗುವುದಿಲ್ಲ. ತುಂಡುಗಳು ಎರಡೆರಡು ಸೇರಿ ಜೋಡಿಯಾಗುತ್ತವೆ. ಒಂದು ಪ್ರತಿಯನ್ನು ನಡುವೆ ಹಿಡಿದು, ಸುತ್ತಲೂ ಜೋಡಿಗೆ ಜೋಡಿ ಕೂಡಿ, ಸಾಮಾನ್ಯವಾಗಿ ನೂರಾ ಇಪ್ಪತ್ತು ಜೋಡಿಗಳು ಒಂದು ಚೆಂಡಾಗಿ ಮುಚ್ಚಿಕೊಳ್ಳುತ್ತವೆ.

“ಕೂಡಿಸೋರು ಯಾರು?”

“ಯಾರೂ ಇಲ್ಲ. ಅವೇ ಕೂಡ್ತಾವು. ತುಂಡಿನ ಆಕಾರನೇ ಹಂಗೈತಿ, ಒಂದರ ಮಗ್ಗಲಿಗಿ ಇನ್ನೊಂದು ಸಿಗಬೀಳತೈತಿ.”

ಜಂಬಪ್ಪನಿಗೆ ಇದು ಹಿಡಿಸಿತು. ಅವನು ಖಾಲಿ ಕಂಡಿಕೆಗಳನ್ನು ಬುಟ್ಟಿಯಿಂದ ಸುರಿದುಕೊಂಡು, ಎರಡೆರಡನ್ನು ನೂಲಿನಿಂದ ಕಟ್ಟಿ, ಗುಂಡಗೆ ಒಟ್ಟಲು ನೋಡಿದ. ಗುಡ್ಡೆ ಮೊಣಕಾಲೆತ್ತರ ಬಂದದ್ದೇ ಕುಸಿದು ಕುಣಿಯೊಳಗೆಲ್ಲ ಉರುಳಿತು.

“ಇವರ ಕೈಯಾಗ ವೈರಸ್ಸೂ ಆಗಂಗಿಲ್ಲ,” ಎಂದಳು ಬುಗ್ಗಮ್ಮ.

ಎಲ್ಲರೂ ನಕ್ಕು ಕಂಡಿಕೆ ಆರಿಸಿಕೊಂಡ ಮೇಲೆ ನವನೀತಾ ಉಳಿದದ್ದನ್ನು ಹೇಳಿದಳು. ಚೆಂಡಿನೊಳಗೆ ಆ ಪ್ರತಿಯನ್ನು ನೋಡಿ ವೈರಸ್ಸು ತನ್ನ ಮೂಲ ಬರಹವನ್ನು ಮತ್ತೆ ಬರೆದುಕೊಳ್ಳುತ್ತದೆ. ಆಮೇಲೆ ಚೆಂಡಿಗೆ ಹೊದಿಕೆ ಬೇಕು. ಕಣದ ಪೊರೆಯನ್ನೇ ಸುತ್ತಿಕೊಂಡು, ಅದಕ್ಕೆ ತನ್ನ ಗುರುತಿನ ಪ್ರೋಟೀನು ಚುಚ್ಚಿಕೊಂಡು ರಕ್ತಕ್ಕೆ ಇಳಿಯುತ್ತದೆ. ಇದರಲ್ಲೊಂದು ವಿಚಿತ್ರವಿದೆ. ಹೊದಿಕೆಗಳು ಲೆಕ್ಕ ಮೀರಿ ತಯಾರಾಗುತ್ತವೆ. ಒಂದು ಪೂರ್ತಿ ವೈರಸ್ಸಿಗೆ, ಒಳಗೆ ಏನೂ ಇಲ್ಲದ ಹೊದಿಕೆಗಳು ಸಾವಿರ, ಕೆಲವೊಮ್ಮೆ ಅದಕ್ಕೂ ಬಹಳ ಹೆಚ್ಚು.

ಬುಗ್ಗಮ್ಮನಿಗೆ ಸಿಟ್ಟೇ ಬಂತು. “ಒಂದು ಸೀರಿಗಿ ಸಾವಿರ ಖಾಲಿ ಪೆಟಿಗಿ? ಯಾವ ಸಾವುಕಾರ ಇಟ್ಟುಕೊಂಡಾನವಾ ಇದನ್ನ!”

“ಆ ಖಾಲಿ ಪೆಟಿಗಿನೇ ಅತ್ತಿ, ನಿನಗ ಹಾಕ್ಸೋ ಸೂಜಿಮದ್ದು. ಫ್ಯಾಕ್ಟರ್‍ಯಾಗ ಈಸ್ಟಿನಿಂದ ಮಾಡಿಸ್ತಾರ. ಒಳಗ ಸೀರಿ ಇಲ್ಲ, ಬರೀ ಪೆಟಿಗಿ. ಮೈ ಅದನ್ನ ನೋಡಿ ಗುರ್ತು ಇಟ್ಟುಕೊಳ್ಳತೈತಿ. ನಾಳಿಗಿ ಖರೇ ವೈರಸ್ಸು ಬಂದ್ರ, ಕಲೀಜಿ ಬಾಗಲ ಮುಟ್ಟೋಕಿಂತ ಮೊದಲ ಹಿಡೀತೈತಿ.”

“ಉಮಾಶ್ರೀಗೂ ಇದೇ ಏನು?”

“ಅಕಿಗಿ ಇದರಿಂದ ಉಪಯೋಗಿಲ್ಲ, ಅಕಿಗಿ ಗುಳಿಗಿ ಕೊಟ್ಟಾರ. ಸೆರಗಿನ ರೇಷ್ಮೆ ಎಳಿ ಒಡಲಿನ ಎಳಿಗಿ ಹೊಸೀತೀರಲ್ಲ, ಬಾಲ ಇಲ್ಲದ ಎಳಿ ಸಿಕ್ರ ಏನ್ಮಾಡ್ತಿ?”

“ಮುಂದ ಹೊಸಿಯಾಕ ಬರಂಗಿಲ್ಲ. ಅಲ್ಲೇ ನಿಂತೋತು.”

“ಗುಳಿಗಿ ಅಂಥಾ ಬಾಲ ಇಲ್ಲದ ಎಳಿ. ಚೆಂಡಿನೊಳಗ ವೈರಸ್ಸು ಬರಕೋತ ಹೋಗತೈತಲ್ಲ, ನಡುವ ಇದನ್ನ ಹಿಡದು ಜೋಡಿಸಿಬಿಡತೈತಿ. ಮುಂದ ಬರಿಯಾಕ ಬರಂಗಿಲ್ಲ. ಆದ್ರ ನಡುಮನಿ ಉಂಗುರ ಹೋಗಂಗಿಲ್ಲ. ಅದಕ್ಕ ಗುಳಿಗಿ ದಿನಾ, ಬಾಳ ವರ್ಷ.”

ಜಂಬಪ್ಪ ಕೇಳಿದ: “ಅಂದ್ರ ಎಂಜಲದಾಗ ಬಿಲ್ಕುಲ್ ಇಲ್ಲಂತಿ?”

“ಬಿಲ್ಕುಲ್ ಇಲ್ಲ ಅಂತ ನಾ ಅನ್ನಂಗಿಲ್ಲ ಮಾಮಾ. ಬಾಳ ಕಮ್ಮಿ ಇರತೈತಿ. ತಾಟು, ಲೋಟ, ಮಾತು, ಮುಟ್ಟೋದು, ಇದರಿಂದ ಹರಡಂಗಿಲ್ಲ. ರಗತಕ್ಕ ರಗತ ಕೂಡಬೇಕು. ಆದ್ರ ಇಬ್ಬರ ಬಾಯಾಗೂ ಹುಣ್ಣು, ಒಸಡಿನಾಗ ರಗತ ಇತ್ತಂದ್ರ? ಅದಕ್ಕ ಲಾಳಿಗಿ ಕೊಕ್ಕಿಸೂಜಿ ಇಟ್ಟುಕೊಳ್ಳಲಿ, ಲಸಿಕಿ ಹಾಕ್ಕೊಳ್ಳಲಿ. ಅಷ್ಟು ಮಾಡಿ ನಾಳಿಗೇ ಜೋಡಿ ಕೂಡಬಹುದು. ಲಾಳಿ ಕುದಿಸಿದ್ದೂ ತಪ್ಪಲ್ಲ ಅತ್ತಿ, ಕುದಿಯೋ ನೀರಾಗ ಅಷ್ಟೊತ್ತು ಇದ್ರ ವೈರಸ್ಸು ಸಾಯತೈತಿ.”

“ಲಾಳೀನೂ ಸತ್ತೋತು,” ಎಂದ ಜಂಬಪ್ಪ.

ಬುಗ್ಗಮ್ಮ ನಗಲಿಲ್ಲ. ಅರ್ಧ ಸೀರೆಯ ಕಡೆ ನೋಡುತ್ತಿದ್ದಳು.

ಲಸಿಕೆಯ ಮೂರು ಸೂಜಿಗಳಲ್ಲಿ ಮೊದಲನೆಯದನ್ನು ಹಾಕಿಸಿಕೊಂಡ ಮರುದಿನ ಅವಳು ಜೋಳದ ರೊಟ್ಟಿ, ಶೇಂಗಾಪುಡಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಮಕ್ತಲದಲ್ಲಿ ಬಸ್ಸು ಬದಲಿಸಬೇಕು. ಪಕ್ಕದಲ್ಲಿ ಕೂತ ಮಾಗನೂರಿನ ಹೆಂಗಸು ಎಲ್ಲಿಗೆ ಎಂದು ಕೇಳಿದ್ದೇ ತಪ್ಪಾಯಿತು. ನಾರಾಯಣಪೇಟೆ ಬರುವಷ್ಟರಲ್ಲಿ ಆ ಹೆಂಗಸಿಗೆ ಕಲೀಜಿಯ ಬಾಗಿಲು, ನಡುಮನೆಯ ಉಂಗುರ, ಒಂದಕ್ಕೆ ಸಾವಿರ ಖಾಲಿ ಪೆಟ್ಟಿಗೆ ಎಲ್ಲ ಗೊತ್ತಾಗಿತ್ತು. “ಮತ್ತ ನೀವು ದವಾಖಾನಿ ನರ್ಸಮ್ಮೇನ್ರಿ?” ಎಂದು ಅವಳು ಇಳಿಯುವಾಗ ಕೇಳಿದಳು.

ಉಮಾಶ್ರೀ ಮಗ್ಗದ ಮೇಲಿದ್ದಳು. ತಲೆ ಎತ್ತಲಿಲ್ಲ. ಅವಳ ಅತ್ತಿಗೆ, ಅಣ್ಣನ ಹೆಂಡತಿ, ನೀರು ತಂದುಕೊಟ್ಟಳು.

“ಮನಿಗಿ ನಡಿ,” ಎಂದಳು ಬುಗ್ಗಮ್ಮ.

“ಹಾಸು ಮುಗೀಲಾರದ ಹೆಂಗ ಬರ್ಲಿ?”

ಅದು ನೆಪವೂ ಹೌದು, ನಿಜವೂ ಹೌದು. ನಾರಾಯಣಪೇಟೆಯಲ್ಲಿ ಹಾಸು ಏರಿಸುವುದೇ ಎಂಟು ಸೀರೆಗೆ ಒಟ್ಟಿಗೆ. ಏರಿಸಿ ಕೂತವರು ಎಂಟನ್ನೂ ಇಳಿಸಿ ಏಳಬೇಕು. ನಡುವೆ ಕೈ ಬದಲಾದರೆ ನೇಯ್ಗೆಯ ಬಿಗಿ ಬದಲಾಗುತ್ತದೆ. ಉಮಾಶ್ರೀಯದು ಇನ್ನೂ ಮೂರನೆಯದು.

“ನನ್ನ ಕೈ ನಿನ್ನ ಕೈ ಒಂದೇ ಬಿಗಿ. ನಿನಗ ಬ್ಯಾಸರಾದ್ರ ನಾ ಕೂಡ್ತೀನಿ. ಏಳು, ನೀರರ ಕುಡದು ಬಾ.”

ಉಮಾಶ್ರೀ ಎದ್ದಳು. ಬಹುಶಃ ಅಕ್ಕ ಎಷ್ಟು ಹೊತ್ತು ಕೂಡುತ್ತಾಳೆ ನೋಡೋಣ ಎಂದೇ ಎದ್ದಳು. ಬುಗ್ಗಮ್ಮ ಕುಣಿಗೆ ಕಾಲು ಇಳಿಬಿಟ್ಟು ನೇಯತೊಡಗಿದಳು. ಕೈಗೆ ಕೆಲಸ ಸಿಕ್ಕ ಖುಷಿಯಲ್ಲಿ ಹಿಂದಿನ ದಿನದ ಸೂಜಿಮದ್ದಿನ ಕತೆ ಹೇಳಿದಳು, ಬಸ್ಸಿನ ಹೆಂಗಸಿನ ಕತೆ ಹೇಳಿದಳು, ಜಂಬಪ್ಪನ ಕಿಟಕಿಗಳ ಕತೆ ಹೇಳಿದಳು. ಅತ್ತಿಗೆ ನಕ್ಕಳು. ಉಮಾಶ್ರೀ ಬೇರೆ ಕಡೆ ಮುಖ ಮಾಡಿದಳು. ಅಷ್ಟರಲ್ಲಿ ಕಂಡಿಕೆ ಮುಗಿಯಿತು. ಮಾತಿನ ಭರದಲ್ಲೇ ಬುಗ್ಗಮ್ಮ ಹೊಸದನ್ನು ಹಾಕಿ, ಲಾಳಿ ಎತ್ತಿ, ತುಟಿಗೆ ಹಚ್ಚಿದಳು.

ಉಮಾಶ್ರೀ ಹಾರಿ ಬಂದು ಅವಳ ಕೈಗೆ ಫಟ್ ಎಂದು ಹೊಡೆದಳು. ಲಾಳಿ ಮೂಲೆಗೆ ಹೋಗಿ ಬಿತ್ತು.

“ಬುದ್ಧಿ ಐತೇನು ನಿನಗ? ಸೂಜಿಮದ್ದು ಇನ್ನೂ ಒಂದೇ ಆಗೈತಿ ಅಂತ ಈಗ ನೀನೇ ಹೇಳಿದೆಲ್ಲ!”

“ಮರತೆವಾ.”

“ಮರತಿ? ಮೂರು ಲಾಳಿ ಹಂಡೇದಾಗ ಕುದಿಸಿದಾಕಿ, ಮರತಿ?”

ಬುಗ್ಗಮ್ಮ ಕೈ ಉಜ್ಜಿಕೊಂಡಳು. “ಬಾಯಿಗಿ ಗೊತ್ತಿಲ್ಲಲ್ಲ ಅದಕ್ಕ, ನಾ ಅಂಜೀನಿ ಅಂತ.”

ಉಮಾಶ್ರೀಯ ಮುಖದಲ್ಲಿ ಸಿಟ್ಟು ಇನ್ನೂ ಇತ್ತು, ನಗುವೂ ಬಂದುಬಿಟ್ಟಿತು. ಎರಡನ್ನೂ ತಡೆಯಲಾರದೆ ಅವಳು ಅಲ್ಲೇ ನೆಲದ ಮೇಲೆ ಕುಳಿತಳು. “ನೀ ಅಂಜಿದ್ದಕ್ಕ ನನಗ ಸಿಟ್ಟಿಲ್ಲ ಅಕ್ಕ. ನಿನಗಿಂತ ನಾ ಜಾಸ್ತಿ ಅಂಜೀನಿ. ಅದಕ್ಕ ಮೊದಲ ನಿನಗ ಹೇಳಿದೆ, ಮನಿಯವರಿಗೂ ಆಮ್ಯಾಗ ಹೇಳಿದೆ. ಹಂಡಿಗಿ ಉರಿ ಹಚ್ಚೋಕಿಂತ ಮೊದಲ ನನಗ ಒಂದು ಮಾತು ಕೇಳಬೇಕಿತ್ತು.”

“ಕೇಳಬೇಕಿತ್ತು,” ಎಂದಳು ಬುಗ್ಗಮ್ಮ.

ಉಳಿದ ಸೀರೆಗಳು ಇಳಿಯುವವರೆಗೆ ಬುಗ್ಗಮ್ಮನೂ ನಾರಾಯಣಪೇಟೆಯಲ್ಲೇ ಉಳಿದಳು. ಇಬ್ಬರೂ ಸರದಿಯಂತೆ ನೇಯ್ದರು, ಇಬ್ಬರ ನಡುವೆ ಒಂದು ಕೊಕ್ಕೆಸೂಜಿ. ಆಮೇಲೆ ಕೂಡಿಯೇ ಗದ್ವಾಲಕ್ಕೆ ಬಂದರು. ಆದರೆ ಗದ್ವಾಲದ ಮಗ್ಗಕ್ಕೆ ಬಂದಾಗ ಉಮಾಶ್ರೀ ಹಟ ಹಿಡಿದಳು.

“ಮೂರೂ ಸೂಜಿ ಮುಗೀಲಿ. ನಿನ್ನ ಮೈಯಾಗ ಕಾವಲು ಕುಂತೈತಿ ಅಂತ ರಗತ ನೋಡಿ ಹೇಳ್ಲಿ. ಆಮ್ಯಾಗ ಕೂಡ್ತೀನಿ ನಿನ್ನ ಮಗ್ಗಲಿಗಿ.”

ಅಷ್ಟೆಲ್ಲ ಕಾಯಬೇಕಿಲ್ಲ ಎಂದು ನವನೀತಾ ಫೋನಿನಲ್ಲಿ ವಿವರವಾಗಿ ಹೇಳಿದಳು. ಗುಳಿಗೆಯಿಂದ ಉಮಾಶ್ರೀಯ ರಕ್ತದಲ್ಲಿ ವೈರಸ್ಸು ಆಗಲೇ ಬಹಳ ಇಳಿದಿದೆ ಎಂದೂ ಹೇಳಿದಳು. “ನೀ ಹೇಳೋದು ಸೈನ್ಸು ನವನೀತಾ, ನಂದು ಜೀವ,” ಎಂದು ಉಮಾಶ್ರೀ ಫೋನು ತಿರುಗಿ ಕೊಟ್ಟಳು. ಹೀಗಾಗಿ ಇನ್ನಷ್ಟು ತಿಂಗಳು ಜಂಬಪ್ಪನೇ ಆ ಜಾಗದಲ್ಲಿ ಕುಳಿತ. ಉಮಾಶ್ರೀ ಹೊರಗೆ ನಿಂತು ಅವನ ಕೈ ತಿದ್ದಿದಳು. ಕಿಟಕಿಗಳು ಸಣ್ಣವಾದವು, ಪೂರ್ತಿ ಮುಚ್ಚಲಿಲ್ಲ. ನಿಂತಿದ್ದ ಸೀರೆ ಹೇಗೋ ಮುಗಿಯಿತು. ಅದನ್ನು ಅಂಗಡಿಗೆ ಕೊಡಲು ಬುಗ್ಗಮ್ಮ ಒಪ್ಪದೆ ತಾನೇ ಉಟ್ಟಳು.

ಮೂರನೆಯ ಸೂಜಿ ಮೊದಲನೆಯದರಿಂದ ಆರು ತಿಂಗಳಿಗೆ. ಅದಾಗಿ ಒಂದು ತಿಂಗಳು ಬಿಟ್ಟು ರಕ್ತ ಕೊಟ್ಟರು. ಫೋನು ಬಂದಾಗ ಬುಗ್ಗಮ್ಮ ಅಂಗಳದಲ್ಲಿ ನೂಲಿಗೆ ಗಂಜಿ ಹಚ್ಚುತ್ತಿದ್ದಳು. ಜಂಬಪ್ಪ ಫೋನನ್ನು ಅವಳ ಕಿವಿಗೆ ಹಿಡಿದ.

“ಅತ್ತಿ, ಕೇಳಿಲ್ಲಿ. ಇದರಾಗ ಹತ್ತು ಯೂನಿಟ್ಟಿನ ಮ್ಯಾಲ ಇದ್ರ ಕಾವಲು ಐತಿ ಅಂತ ಲೆಕ್ಕ. ವಯಸ್ಸಾದೋರಿಗಿ ಒಮ್ಮೊಮ್ಮೆ ಕಮ್ಮಿ ಬರತೈತಿ, ಹಂಗೇನರ ಬಂದಿದ್ರ ಮತ್ತ…”

“ಪಾಠ ಆಮ್ಯಾಗ ಹೇಳು. ನಂದು ಎಷ್ಟು?”

ನವನೀತಾ ಹೇಳಿದಳು. ಬುಗ್ಗಮ್ಮ ಮತ್ತೊಮ್ಮೆ ಹೇಳಿಸಿದಳು. ಉಮಾಶ್ರೀ ಬಾಗಿಲಲ್ಲಿ ನಿಂತು ಎರಡೂ ಸಲ ಅವಳ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಜಂಬಪ್ಪ ಹಾಸಿಕೊಂಡಿದ್ದ ದಿಂಬನ್ನು ಕುಣಿಯ ಅಂಚಿನಿಂದ ಎತ್ತಿ ಅತ್ತ ಒಗೆದು, ತನ್ನ ಜಾಗದಲ್ಲಿ ಕುಳಿತಳು.

“ಬಿಡುಗಡಿ ಆತು ನಂದು!” ಎಂದು ಜಂಬಪ್ಪ ಕೂಗಿದ.

ಆ ಕೂಗಿಗೆ ಎದುರುಮನೆಯ ಶೇಖಮ್ಮ ಗಾಬರಿಯಾಗಿ ಹೊರಗೆ ಬಂದಳು. “ಏನಾತ್ರಿ ಬುಗ್ಗಮ್ಮಾ? ಯಾರಿಗೇನಾತು?”

ಬುಗ್ಗಮ್ಮ ಗಂಜಿಯ ಕೈಯನ್ನು ಗಾಳಿಯಲ್ಲೇ ಎತ್ತಿ ಹಿಡಿದು, ಓಣಿಯ ಆ ತುದಿಗೂ ಕೇಳುವ ಹಾಗೆ ಹೇಳಿದಳು:

“ಹತ್ತು ಇದ್ರ ಸಾಕಂತವಾ. ನಂದು ನಾಕನೂರಾ ಹನ್ನೆರಡು!”